ವೆನಿಲ್ಲಾ: ಬೆಳೆದವರ ಮನೆಗೆ ಬಾರದ ಪರಿಮಳ

ಬೆಂಗಳೂರಿನ ಶ್ರೀನಗರದ ದಿನಸಿ ಅಂಗಡಿಯಲ್ಲಿ ವೆನಿಲ್ಲಾ ಕೇಳಿದರೆ ಅಂಗಡಿಯವರು ಮುಂದಿಡುವುದು ಬೆರಳುದ್ದದ ಎಸೆನ್ಸ್ ಬಾಟಲಿ. ಕೇಕಿಗೋ ಕಸ್ಟರ್ಡಿಗೋ ಅದರ ನಾಲ್ಕು ಹನಿ ಸಾಕು. ಆದರೆ ಅದರಲ್ಲಿರುವುದು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ತಯಾರಾದ ವೆನಿಲಿನ್ ಎಂಬ ರಾಸಾಯನಿಕ. ನಿಜವಾದ ವೆನಿಲ್ಲಾ ಒಂದು ಆರ್ಕಿಡ್ ಬಳ್ಳಿಯ ಕೋಡು. ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದ ಮಲೆನಾಡಿನಲ್ಲಿ ಒಂದು ಕಾಲಕ್ಕೆ ಇದೇ ಬಳ್ಳಿಯನ್ನು ಬಂಗಾರದಂತೆ ಕಾಯುತ್ತಿದ್ದರು. ಆ ಕೋಡುಗಳು ಹೋದದ್ದೆಲ್ಲ ಕಡಲಾಚೆಗೆ. ಅಲ್ಲಿ ಅವನ್ನು ಬಯಸುವವರಲ್ಲಿ ಐಸ್‌ಕ್ರೀಮ್ ಕಂಪನಿಗಳ ಜೊತೆಗೆ, ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳೂ ಇದ್ದಾರೆ.

ಬಿಯರಿಗೆ ವೆನಿಲ್ಲಾ ಸೇರಿಸುವ ಕ್ರಮ ಸರಳ, ಆದರೆ ತಾಳ್ಮೆ ಬೇಡುವಂಥದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿ ನೀರನ್ನು ಹಾಪ್ಸ್ ಎಂಬ ಕಹಿ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಅದು ಹುದುಗಿ ಬಿಯರ್ ಆಗುತ್ತದೆ. ಕುದಿಯುವಾಗಲೇ ವೆನಿಲ್ಲಾ ಹಾಕಿದರೆ ಪರಿಮಳದ ಹೆಚ್ಚಿನ ಪಾಲು ಹಬೆಯೊಡನೆ ಹಾರಿಹೋಗುತ್ತದೆ. ಹುದುಗಿನ ಭರದಲ್ಲಿ ಹಾಕಿದರೆ ಏಳುವ ಅನಿಲ ಅದನ್ನು ಹೊತ್ತೊಯ್ಯುತ್ತದೆ. ಆದ್ದರಿಂದ ಮೊದಲ ಹುದುಗು ತಣ್ಣಗಾದ ಮೇಲೆಯೇ ಅದರ ಸರದಿ. ಕೋಡನ್ನು ಉದ್ದಕ್ಕೆ ಸೀಳಿ, ಒಳಗಿನ ಕಪ್ಪು ಬೀಜವನ್ನು ಕೆರೆದು, ಸಿಪ್ಪೆಯ ಸಮೇತ ವೋಡ್ಕಾ ಅಥವಾ ರಮ್ಮಿನಲ್ಲಿ ಕೆಲವು ದಿನ ನೆನೆಹಾಕಿ, ಬಳಿಕ ಬಿಯರಿಗೆ ಸುರಿಯುತ್ತಾರೆ. ಸುಮಾರು 19 ಲೀಟರಿಗೆ ಒಂದೆರಡು ಕೋಡು ಸಾಕಾಗುತ್ತದೆ. ಹುರಿದ ಬಾರ್ಲಿಯಿಂದ ಮಾಡಿದ ಸ್ಟೌಟ್, ಪೋರ್ಟರ್‌ನಂಥ ಕಪ್ಪು ಬಿಯರಿಗೆ ಇದು ಹೆಚ್ಚು ಒಗ್ಗುತ್ತದೆ. ಅವುಗಳಲ್ಲಿ ಕಾಫಿ, ಚಾಕೊಲೇಟಿನ ಛಾಯೆ ಮೊದಲೇ ಇರುವುದೇ ಇದಕ್ಕೆ ಕಾರಣ.

ಈ ಜೋಡಿ ಹೊಸದೇನಲ್ಲ. ಸ್ಪೇನಿನವರು ಬರುವ ಮೊದಲೇ ಮೆಕ್ಸಿಕೋದ ಅಜ್ಟೆಕರು ಕೋಕೋ ಪಾನೀಯಕ್ಕೆ ವೆನಿಲ್ಲಾ ಬೆರೆಸಿ ಕುಡಿಯುತ್ತಿದ್ದರು. ಓಕ್ ಮರದ ಪೀಪಾಯಿಯಲ್ಲಿಟ್ಟ ಮದ್ಯಕ್ಕೂ ತಾನಾಗಿಯೇ ವೆನಿಲ್ಲಾದ ಛಾಯೆ ಬರುತ್ತದೆ. ಮರದ ಲಿಗ್ನಿನ್ ಎಂಬ ಅಂಶ ಒಡೆದು ವೆನಿಲಿನ್ ಆಗುವುದರಿಂದ ಹೀಗಾಗುತ್ತದೆ.

ಮೆಕ್ಸಿಕೋದಿಂದ ಹೊರಗೆ ಒಯ್ದ ಬಳ್ಳಿ ಹೂ ಬಿಟ್ಟರೂ ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 12 ವರ್ಷದ ಗುಲಾಮ ಬಾಲಕ ಎಡ್ಮಂಡ್ ಆಲ್ಬಿಯಸ್ ಇದಕ್ಕೆ ಉಪಾಯ ಕಂಡುಹಿಡಿದ. ಹೂವಿನೊಳಗೆ ಗಂಡು, ಹೆಣ್ಣು ಭಾಗಗಳ ನಡುವೆ ಇರುವ ಪುಟ್ಟ ಪರದೆಯನ್ನು ಕಡ್ಡಿಯಿಂದ ಎತ್ತಿ, ಎರಡನ್ನೂ ಬೆರಳಿನಿಂದ ಒತ್ತಿಬಿಟ್ಟ. ಇಂದಿಗೂ ಜಗತ್ತಿನ ವೆನಿಲ್ಲಾ ತೋಟಗಳು ನಡೆಯುವುದು ಇದೇ ಕೈಚಳಕದಿಂದ. ಆತ ಮಾತ್ರ 1880ರಲ್ಲಿ ಬಡವನಾಗಿಯೇ ಸತ್ತ.

1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬ ರಸಾಯನವಿಜ್ಞಾನಿಗಳು ಸೂಜಿಎಲೆ ಮರದ ಅಂಶದಿಂದ ವೆನಿಲಿನ್ ತಯಾರಿಸಿದರು. ಮುಂದೆ ಲವಂಗದ ಎಣ್ಣೆ, ಕಾಗದ ಕಾರ್ಖಾನೆಯ ತ್ಯಾಜ್ಯ, ಪೆಟ್ರೋಲಿಯಂ ಮೂಲದ ವಸ್ತುಗಳಿಂದಲೂ ಅದು ಬಂತು. ಕೋಡಿನ ಬೆಲೆ ಏರಿದಾಗಲೆಲ್ಲ ದೊಡ್ಡ ಕಂಪನಿಗಳು ಈ ಅಗ್ಗದ ದಾರಿ ಹಿಡಿಯುತ್ತವೆ. ಮನೆಯಲ್ಲಿ ಬಿಯರ್ ಮಾಡುವವನು ಹಾಗಲ್ಲ. ಅವನಿಗೆ ಬೇಕಿರುವುದು ಒಂದೆರಡೇ ಕೋಡು. ಬೆಲೆ ಹೆಚ್ಚಾದರೂ ಅಸಲಿಯನ್ನೇ ಕೊಳ್ಳಬಲ್ಲ.

ಇಂಥ ಹವ್ಯಾಸಿ ಹುಟ್ಟಿದ್ದು ಕಾನೂನಿನ ಸಡಿಲಿಕೆಯಿಂದ. ಬ್ರಿಟನ್ 1963ರಲ್ಲಿ ಮನೆಬಳಕೆಯ ಬಿಯರಿಗೆ ಪರವಾನಗಿಯ ಷರತ್ತನ್ನು ತೆಗೆದುಹಾಕಿತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಅಂಥದೇ ಮಸೂದೆಗೆ ಸಹಿ ಹಾಕಿದರು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಹಾಗೆಂದು ಬೆಂಗಳೂರಿಗೆ ಬಿಯರ್ ಅಪರಿಚಿತವೇನಲ್ಲ. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಗ್ಗೂಡಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸ್ ಇದೇ ಊರಿನಲ್ಲಿ ಬೆಳೆಯಿತು. ಆದರೆ ಇಲ್ಲಿ ಮನೆಮಾತಾದದ್ದು ತಿಳಿಬಣ್ಣದ ಲಾಗರ್. ಸ್ಥಳದಲ್ಲೇ ಬಿಯರ್ ತಯಾರಿಸುವ ಪಬ್‌ಗಳು ಹಬ್ಬಿದ್ದು 2010ರ ಈಚೆಗೆ. ಕಪ್ಪು ಬಿಯರಿನ ರುಚಿ ನಗರಕ್ಕೆ ಹತ್ತುವ ಹೊತ್ತಿಗೆ ಮಲೆನಾಡಿನ ವೆನಿಲ್ಲಾ ಕಥೆ ಮುಗಿದುಹೋಗಿತ್ತು.

ಆ ಕಥೆ ದೀರ್ಘವಾದದ್ದಲ್ಲ. 1990ರ ದಶಕದಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಅಡಿಕೆ, ಕಾಫಿಯ ನಡುವೆ ವೆನಿಲ್ಲಾ ಬಳ್ಳಿ ಹಬ್ಬತೊಡಗಿತು. 2000ರ ಏಪ್ರಿಲ್‌ನಲ್ಲಿ ಹುಡಾ ಚಂಡಮಾರುತ ಮಡಗಾಸ್ಕರ್‌ಗೆ ಅಪ್ಪಳಿಸಿ ಅಲ್ಲಿನ ಬೆಳೆ ನಾಶವಾದ ಮೇಲೆ ಬೆಲೆ ಗಗನಕ್ಕೇರಿತು. 2003ರಲ್ಲಿ ಇಲ್ಲಿ ಹಸಿ ಬೀನ್ಸ್ ಕಿಲೋಗೆ 3,000 ರೂಪಾಯಿ ದಾಟಿತು. ಹೂವು ಅರಳಿರುವುದು ಒಂದೇ ದಿನ. ಆದ್ದರಿಂದ ಬೆಳಗಾಗುತ್ತಲೇ ಮನೆಮಂದಿಯೆಲ್ಲ ಕಡ್ಡಿ ಹಿಡಿದು ತೋಟಕ್ಕಿಳಿಯುತ್ತಿದ್ದರು. ಕೋಡು ಬಲಿಯಲು ಎಂಟು ಒಂಬತ್ತು ತಿಂಗಳು. ರಾತ್ರಿ ಕಳ್ಳರ ಕಾವಲು. ಕೊಯ್ದ ಬಳಿಕ ಬಿಸಿನೀರಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ತಿಂಗಳುಗಟ್ಟಲೆ ಹದ ಮಾಡಿದರೇ ಪರಿಮಳ. ಐದಾರು ಕಿಲೋ ಹಸಿ ಬೀನ್ಸ್‌ಗೆ ಸಿಗುತ್ತಿದ್ದುದು ಒಂದು ಕಿಲೋ ಒಣ ಸರಕು.

ಎರಡು ಮೂರು ವರ್ಷಗಳಲ್ಲಿ ಎಲ್ಲ ಕುಸಿಯಿತು. ಮಡಗಾಸ್ಕರ್ ಚೇತರಿಸಿಕೊಂಡಿತು, ಕಂಪನಿಗಳು ಕೃತಕ ವೆನಿಲಿನ್‌ಗೆ ಹೊರಳಿದವು. ಇಲ್ಲಿ ನೂರು ರೂಪಾಯಿಗೂ ಕೇಳುವವರಿಲ್ಲದಂತಾಯಿತು. ಜೊತೆಗೆ ಬೇರು ಕೊಳೆಯುವ ರೋಗ ಬೇರೆ. ಸಾಲ ಮಾಡಿ ಬಳ್ಳಿ ನೆಟ್ಟವರು ಅದನ್ನೇ ಕಿತ್ತು ಹಾಕಿದರು. ಒಂದು ದಶಕದ ನಂತರ, 2017ರ ಸುಮಾರಿಗೆ, ಬೆಲೆ ಮತ್ತೆ ಏರಿದಾಗ ಕೊಯ್ಯಲು ಹೆಚ್ಚಿನವರ ತೋಟದಲ್ಲಿ ಬಳ್ಳಿಯೇ ಇರಲಿಲ್ಲ.

ಮೆಣಸು, ಏಲಕ್ಕಿಯ ಧಾರಣೆಯೂ ಬೀಳುತ್ತದೆ, ಏಳುತ್ತದೆ. ಆದರೆ ಮೆಣಸಿಗೆ ಸಾರು ಉಂಟು, ಏಲಕ್ಕಿಗೆ ಪಾಯಸ ಉಂಟು. ಬೆಲೆ ಬಿದ್ದಾಗಲೂ ನಾಡಿನ ಅಡುಗೆಮನೆಗಳು ಅವನ್ನು ಕೊಳ್ಳುತ್ತಲೇ ಇರುತ್ತವೆ. ವೆನಿಲ್ಲಾಕ್ಕೆ ಮಲೆನಾಡಿನ ಒಲೆಯ ಮೇಲೆ ಜಾಗವೇ ಇರಲಿಲ್ಲ. ಬೆಳೆದವರಲ್ಲೇ ಅನೇಕರು ಅದರ ರುಚಿ ನೋಡಿರಲಿಲ್ಲ. ಒಂದು ಬಿಯರ್ ಪಾತ್ರೆಗೆ ಒಂದೆರಡು ಕೋಡು ಎಂದರೆ ಅಲ್ಪವೇ ಸರಿ. ಆದರೆ ದೂರದ ದೊಡ್ಡ ಗಿರಾಕಿ ಕೈಬಿಟ್ಟ ದಿನ ಬೆಳೆಯನ್ನು ಹಿಡಿದು ನಿಲ್ಲಿಸುವುದು ಹತ್ತಿರದ ಇಂಥ ಸಣ್ಣ ಬಳಕೆಗಳೇ. ಶ್ರೀನಗರದ ಅಂಗಡಿಯಲ್ಲಿ ಎಸೆನ್ಸ್ ಬಾಟಲಿಯ ಪಕ್ಕದಲ್ಲಿ ಅಂದು ಶಿರಸಿಯ ಕೋಡೂ ಇದ್ದಿದ್ದರೆ, ಕೆಲವು ತೋಟಗಳಲ್ಲಾದರೂ ಬಳ್ಳಿ ಉಳಿದಿರುತ್ತಿತ್ತು.