ಅರಮನೆಯ ತೂರ್ಯದಿಂದ ಶಾಲೆಯ ಬ್ಯಾಂಡಿಗೆ

ಪಾಶ್ಚಾತ್ಯ ಸಂಗೀತದಲ್ಲಿ ಫ್ಯಾನ್‌ಫೇರ್ ಎಂಬುದೊಂದು ಕಿರು ರಚನೆಯುಂಟು. ಅರಸರ ಆಗಮನವನ್ನೋ ಉತ್ಸವದ ಆರಂಭವನ್ನೋ ಸಾರುವುದಕ್ಕಾಗಿ ಕಹಳೆಗಳಲ್ಲಿ ಮೊಳಗಿಸುವ ಇದನ್ನು ತೂರ್ಯಘೋಷವೆನ್ನಬಹುದು. ಈಗ ಶಾಲಾಬಾಲಕರ ಬ್ಯಾಂಡುಗಳೂ ಇದನ್ನು ನುಡಿಸುತ್ತವೆ. ಆದರೆ ಪೂರ್ವಕಾಲದಲ್ಲಿ ಇದು ಸರ್ವರ ಸೊತ್ತಾಗಿರಲಿಲ್ಲ. ೧೬೨೩ರಲ್ಲಿ ಚಕ್ರವರ್ತಿಯಾದ ಎರಡನೆಯ ಫರ್ಡಿನಾಂಡನು ತುತೂರಿಗಾರರ ಮತ್ತು ನಗಾರಿಯವರ ಶ್ರೇಣಿಗೆ ಸನ್ನದನ್ನಿತ್ತು, ಆ ವಾದ್ಯಗಳನ್ನು ಅವರಿಗೇ ಮೀಸಲುಮಾಡಿದನು. ಕಟ್ಟಳೆಯಂತೆಯೇ ವಾದ್ಯವೂ ಕಠಿನವಾಗಿದ್ದಿತು. ಕವಾಟಗಳಿಲ್ಲದ ಆ ತುತೂರಿಯಲ್ಲಿ ತುಟಿಯ ಬಿಗಿಯಿಂದಲೂ ಉಸಿರಿನಿಂದಲೂ ಪರಿಮಿತವಾದ ಸ್ವರಗಳನ್ನು ಮಾತ್ರವೇ ಹೊರಡಿಸಬಹುದಾಗಿತ್ತು. ೧೮೧೮ರಲ್ಲಿ ಸ್ಟೋಲ್ಜೆಲ್, ಬ್ಲೂಮೆಲ್ ಎಂಬಿಬ್ಬರು ಪ್ರಷ್ಯದಲ್ಲಿ ಕವಾಟಕ್ಕೆ ಹಕ್ಕುಪತ್ರವನ್ನು ಪಡೆದ ಬಳಿಕ, ಬೆರಳುಗಳ ನೆರವಿನಿಂದ ಎಲ್ಲ ಸ್ವರಗಳೂ ಕೈಗೆಟುಕುವಂತಾದುವು.

ಅಮೆರಿಕದ ಷಿಕಾಗೋ ನಗರದಲ್ಲಿ ೧೯೨೩ರಲ್ಲಿ ಶಾಲೆಗಳ ಬ್ಯಾಂಡುಗಳಿಗೆ ದೊಡ್ಡದೊಂದು ಸ್ಪರ್ಧೆಯೇರ್ಪಟ್ಟಿತು. ಏರ್ಪಡಿಸಿದವರು ವಾದ್ಯಗಳ ವ್ಯಾಪಾರಿಗಳು. ಅವರ ಉದ್ದೇಶವೇನೇ ಇರಲಿ, ಮಕ್ಕಳಿಗೆ ಉಪಕಾರವೇ ಆಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಸಿನ್ಸಿನಾಟಿಯ ವಾದ್ಯವೃಂದದ ನಿರ್ದೇಶಕರಾದ ಯೂಜೀನ್ ಗೂಸೆನ್ಸರು ಅನೇಕ ವಾಗ್ಗೇಯಕಾರರಿಂದ ತೂರ್ಯಘೋಷಗಳನ್ನು ಬರೆಯಿಸಿದರು. ಕೆಲವರು ಸೈನಿಕರ ಹೆಸರಿನಲ್ಲಿಯೂ ಕೆಲವರು ವೈಮಾನಿಕರ ಹೆಸರಿನಲ್ಲಿಯೂ ಬರೆಯಲು, ಆರನ್ ಕೋಪ್‌ಲೆಂಡರು ಸಾಮಾನ್ಯ ಮನುಷ್ಯನಿಗಾಗಿ ಬರೆದರು. ಗೂಸೆನ್ಸರು ವಿನೋದಪ್ರಿಯರು, ಸಾಮಾನ್ಯನನ್ನು ಗೌರವಿಸಲು ಆದಾಯತೆರಿಗೆಯ ಗಡುವಿನ ಸಮಯವೇ ತಕ್ಕುದೆಂದೆಣಿಸಿ, ೧೯೪೩ರ ಮಾರ್ಚಿ ೧೨ರಂದು ಅದನ್ನು ಮೊದಲು ನುಡಿಸಿದರು.

ಈ ಕೃತಿಯನ್ನು ಎಳೆಯರಿಗೆ ಅಳವಡಿಸುವವರಿಗೆ ತೊಡಕುಗಳು ಹಲವು. ಮೂಲದಲ್ಲಿರುವುದು ಹಿತ್ತಾಳೆಯ ವಾದ್ಯಗಳೂ ಭೇರಿ ಮೊದಲಾದವುಗಳೂ ಮಾತ್ರ. ಶಾಲೆಯ ಬ್ಯಾಂಡಿನಲ್ಲಾದರೋ ಕೊಳಲು, ಕ್ಲಾರಿನೆಟ್, ಸ್ಯಾಕ್ಸೊಫೋನುಗಳೇ ಹೆಚ್ಚು. ಎಳೆಯ ತುಟಿಗಳು ತಾರಸ್ಥಾಯಿಯಲ್ಲಿ ಬೇಗನೆ ಬಳಲುವುವು. ಆದುದರಿಂದ ಶ್ರುತಿಯನ್ನು ತಗ್ಗಿಸುವುದು ಯುಕ್ತವೇ. ಆದರೆ ಮೊದಲು ಭೇರಿಯ ಹೊಡೆತ, ಅನಂತರ ಮೌನ, ಬಳಿಕ ತುತೂರಿಗಳ ಏಕಸ್ವರ, ಆಮೇಲೆ ಹಾರ್ನುಗಳು, ಕಡೆಗೆ ಟ್ರಾಂಬೋನುಗಳು ಎಂಬ ಈ ಕ್ರಮವೇ ಕೃತಿಯ ಪ್ರಾಣ. ಎಲ್ಲರಿಗೂ ಕೆಲಸವಿರಲೆಂದು ಆ ಮೌನಗಳನ್ನು ತುಂಬಿದರೆ ಘೋಷವು ಗದ್ದಲವಾಗುವುದು.

ಇಷ್ಟಾದರೂ ಕೊಳಲಿನವರನ್ನು ಸುಮ್ಮನೆ ಕೂರಿಸಬೇಕೆಂದಿಲ್ಲ. ಕೋಪ್‌ಲೆಂಡರೇ ೧೯೪೬ರಲ್ಲಿ ತಮ್ಮ ಮೂರನೆಯ ಸಿಂಫೊನಿಯ ಕಡೆಯ ಭಾಗದಲ್ಲಿ ಇದೇ ಘೋಷವನ್ನು ಮತ್ತೆ ತಂದಾಗ, ಅದನ್ನು ಮೊದಲು ಮೆಲುದನಿಯಲ್ಲಿ ನುಡಿಯಿಸಿದುದು ಕೊಳಲು ಕ್ಲಾರಿನೆಟ್ಟುಗಳಿಂದಲೇ.