ಫ್ರಾನ್ಸಿನ ನ್ಯಾಯಪದ್ಧತಿಯ ಪೂರ್ವವೃತ್ತಾಂತ

ಇಂಗ್ಲಿಷರ ನ್ಯಾಯಶಾಸ್ತ್ರವನ್ನು ಅಭ್ಯಸಿಸಿದ ವಿದ್ಯಾರ್ಥಿಯು, ಫ್ರಾನ್ಸಿನ ಕೂರ್ ದ ಕಸ್ಸಾಸಿಯೋಂ ಎಂಬ ಉಚ್ಚತಮ ನ್ಯಾಯಸ್ಥಾನವು ಹತ್ತೊಂಬತ್ತನೆಯ ಶತಮಾನದಲ್ಲಿ ನೀಡಿದ ತೀರ್ಪೊಂದನ್ನು ಓದಿದಾಗ, ಪೂರ್ವನಿರ್ಣಯಗಳ ದೀರ್ಘ ಪರಾಮರ್ಶೆಯನ್ನಾಗಲಿ ಭಿನ್ನಮತ ತಳೆದ ನ್ಯಾಯಮೂರ್ತಿಯ ಪ್ರತ್ಯೇಕ ಅಭಿಪ್ರಾಯವನ್ನಾಗಲಿ ಅಲ್ಲಿ ಕಾಣದೆ ವಿಸ್ಮಯಗೊಳ್ಳುವುದು ಸಹಜ. ಈ ಮಿತಭಾಷಿತ್ವದ ಕಾರಣವನ್ನು ಮಹಾಕ್ರಾಂತಿಗೆ ಮುಂಚಿನ ಚರಿತ್ರೆಯಲ್ಲಿ ಅರಸಬೇಕು.

ಆ ಕಾಲದಲ್ಲಿ ದೇಶದ ದಕ್ಷಿಣಭಾಗದಲ್ಲಿ ರೋಮನ್ ನ್ಯಾಯವೂ, ಉತ್ತರದಲ್ಲಿ ಪ್ರಾಂತಪ್ರಾಂತಕ್ಕೆ ಬೇರೆಯಾದ ರೂಢಿಗಳೂ ನಡೆಯುತ್ತಿದ್ದುವು. ಪಾರ್ಲಮಾಂ ಎಂಬ ಉಚ್ಚ ನ್ಯಾಯಾಲಯಗಳ ಪದವಿಗಳು ಹಣಕ್ಕೆ ಮಾರಾಟವಾಗಿ, ಪಿತ್ರಾರ್ಜಿತದಂತೆ ಮಗನಿಗೆ ಇಳಿಯುತ್ತಿದ್ದುವು. ಅಲ್ಲಿಯ ನ್ಯಾಯಾಧೀಶರು ವ್ಯಾಜ್ಯಗಳನ್ನು ತೀರ್ಮಾನಿಸುವುದರೊಡನೆ ಸಾಮಾನ್ಯ ನಿಯಮಗಳನ್ನೂ ಘೋಷಿಸುತ್ತಿದ್ದರು, ದೊರೆಯ ಶಾಸನಗಳನ್ನು ದಾಖಲುಮಾಡಲೊಪ್ಪದೆ ಸುಧಾರಣೆಗಳನ್ನು ತಡೆಯುತ್ತಿದ್ದರು.

ಕ್ರಾಂತಿಯ ನಾಯಕರು ಇದನ್ನು ಮರೆಯುವವರಲ್ಲ. 1790ರಲ್ಲಿ ಅವರು ಪಾರ್ಲಮಾಂಗಳನ್ನು ರದ್ದುಪಡಿಸಿ, ನ್ಯಾಯಾಧೀಶರು ಶಾಸನರಚನೆಯಲ್ಲಾಗಲಿ ಆಡಳಿತದಲ್ಲಾಗಲಿ ಕೈಹಾಕಕೂಡದೆಂದು ಕಟ್ಟಪ್ಪಣೆ ವಿಧಿಸಿದರು. ಪೋರ್ತಾಲಿ ಮೊದಲಾದ ನಾಲ್ವರು ನ್ಯಾಯವಿದರು ಸಿದ್ಧಪಡಿಸಿ, ನೆಪೋಲಿಯನ್ 1804ರ ಮಾರ್ಚ್ 21ರಂದು ಜಾರಿಗೆ ತಂದ 2281 ವಿಧಿಗಳ ನಾಗರಿಕ ಸಂಹಿತೆಯಲ್ಲಿಯೂ, ತೀರ್ಪಿನ ಮೂಲಕ ಸಾಮಾನ್ಯ ನಿಯಮವನ್ನು ಹೊರಡಿಸಬಾರದೆಂಬ ನಿಷೇಧ ಐದನೆಯ ವಿಧಿಯಾಗಿ ನಿಂತಿತು. ಆದರೂ ಸಂಹಿತಾಕಾರರ ವಿವೇಕ ಮೆಚ್ಚತಕ್ಕದ್ದು: ಶಾಸನಕರ್ತನು ಎಲ್ಲವನ್ನೂ ಮುಂಗಾಣಲಾರನೆಂಬುದನ್ನು ಬಲ್ಲ ಅವರು, ಶಾಸನ ಮೌನವಾಗಿದೆಯೆಂಬ ನೆಪದಿಂದ ತೀರ್ಪು ಕೊಡಲೊಲ್ಲದ ನ್ಯಾಯಾಧೀಶನೂ ಅಪರಾಧಿಯೆಂದು ನಾಲ್ಕನೆಯ ವಿಧಿಯಲ್ಲಿ ಸೇರಿಸಿದರು.

ಆಡಳಿತದ ವಿಷಯವಾದರೋ ಇನ್ನೂ ಸ್ವಾರಸ್ಯವಾದುದು. ಸಾಮಾನ್ಯ ನ್ಯಾಯಾಲಯಗಳಿಗೆ ಆ ಬಾಗಿಲು ಮುಚ್ಚಿದುದರಿಂದ, ಸರ್ಕಾರದಿಂದ ಪೀಡಿತನಾದ ಪ್ರಜೆಯು 1799ರಲ್ಲಿ ಸ್ಥಾಪಿತವಾದ ಕೋಂಸೇಯ್ ದೆತಾ ಎಂಬ ರಾಜ್ಯಮಂಡಲಿಯ ಮೊರೆಹೋಗಬೇಕಾಯಿತು. ಸರ್ಕಾರಕ್ಕೆ ಸಲಹೆ ಹೇಳಲು ಹುಟ್ಟಿದ ಈ ಮಂಡಲಿಗೆ 1872ರಲ್ಲಿ ಸ್ವತಂತ್ರವಾಗಿ ತೀರ್ಪು ನೀಡುವ ಅಧಿಕಾರ ಬಂದಿತು. ಮರುವರ್ಷವೇ, ಬೋರ್ಡೋ ನಗರದ ಸರ್ಕಾರಿ ಹೊಗೆಸೊಪ್ಪಿನ ಕಾರ್ಖಾನೆಯ ಬಂಡಿಗೆ ಸಿಕ್ಕಿ ಗಾಯಗೊಂಡ ಬಾಲಕಿಯ ತಂದೆ ಹೂಡಿದ ವ್ಯಾಜ್ಯದಲ್ಲಿ, ಯಾವ ನ್ಯಾಯಸ್ಥಾನಕ್ಕೆ ಅಧಿಕಾರವುಂಟೆಂಬುದನ್ನು ನಿರ್ಣಯಿಸುವ ವಿಶೇಷ ಪೀಠವು, ಸರ್ಕಾರದ ಹೊಣೆಗಾರಿಕೆಗೆ ನಾಗರಿಕ ಸಂಹಿತೆಯಿಂದ ಭಿನ್ನವಾದ ನಿಯಮಗಳುಂಟೆಂದೂ, ಅದನ್ನು ಆಡಳಿತ ನ್ಯಾಯಸ್ಥಾನವೇ ವಿಚಾರಿಸತಕ್ಕದ್ದೆಂದೂ ಸಾರಿತು. ಆ ನಿಯಮಗಳಾದರೂ ಯಾವ ಸಂಹಿತೆಯಲ್ಲಿಯೂ ಬರೆದಿರಲಿಲ್ಲ. ನ್ಯಾಯಾಧೀಶರನ್ನು ಅಷ್ಟೊಂದು ಶಂಕಿಸಿದ ದೇಶದಲ್ಲಿ, ಪ್ರಜೆಗೂ ಪ್ರಭುತ್ವಕ್ಕೂ ನಡುವಣ ನ್ಯಾಯವನ್ನು ವ್ಯಾಜ್ಯವ್ಯಾಜ್ಯಕ್ಕೂ ವಿವೇಚಿಸಿ ಬೆಳೆಸಿದವರು ಆ ಮಂಡಲಿಯ ನ್ಯಾಯಾಧೀಶರೇ.

ಆಕ್ಸ್‌ಫರ್ಡಿನ ಪ್ರಾಧ್ಯಾಪಕನಾಗಿದ್ದ ಡೈಸಿಯು 1885ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪದ್ಧತಿಯು ಅಧಿಕಾರಿಗಳಿಗೆ ರಕ್ಷೆಯೆಂದು ಆಕ್ಷೇಪಿಸಿದನು. ಇಂಗ್ಲಿಷ್ ವಿದ್ಯಾರ್ಥಿಗಳು ಬಹುಕಾಲ ಅದನ್ನೇ ನಂಬಿದರು. ಆ ಆಕ್ಷೇಪ ನ್ಯಾಯವಾದುದಲ್ಲ. ಸರ್ಕಾರಿ ನೌಕರನ ಅಜಾಗ್ರತೆಯಿಂದ ಗಾಯಗೊಂಡವನು ಹಕ್ಕಿನಿಂದ ಸರ್ಕಾರದ ಮೇಲೆಯೇ ದಾವೆ ಹೂಡುವ ಅವಕಾಶ, ಡೈಸಿಯ ಇಂಗ್ಲೆಂಡಿನಲ್ಲಿ 1947ರ ಶಾಸನ ಬರುವವರೆಗೆ ಇರಲಿಲ್ಲ.