ಮನಸ್ಸಿಗೂ ಬೇಕು ಪ್ರಥಮ ಚಿಕಿತ್ಸೆ

ಕೆಲವು ವರ್ಷಗಳ ಹಿಂದಿನ ಮಾತು. ಮುಂಬಯಿಯ ನಮ್ಮ ಕಟ್ಟಡದಲ್ಲಿದ್ದ ಹುಬ್ಬಳ್ಳಿ ಕಡೆಯ ಹುಡುಗನೊಬ್ಬ, ಜೊತೆಯಲ್ಲಿದ್ದ ಗೆಳೆಯ ಲೋಕಲ್ ರೈಲಿನಿಂದ ಬಿದ್ದು ತೀರಿಕೊಂಡದ್ದನ್ನು ಕಣ್ಣಾರೆ ಕಂಡು ಮನೆಗೆ ಬಂದ. ಸುದ್ದಿ ಹರಡಿ ನೆರೆಹೊರೆಯವರೆಲ್ಲ ಸೇರಿದರು. ನಾವೂ ಹೋದೆವು. ಬಂದವರೆಲ್ಲ ಕೇಳಿದ್ದು ಒಂದೇ: “ಏನಾಯ್ತಪ್ಪಾ, ಹೇಗೆ ಬಿದ್ದ?” ಪಾಪ, ಆ ಹುಡುಗ ಒಂದೇ ಸಂಜೆ ಹತ್ತು ಸಲ ಅದೇ ಕಥೆ ಹೇಳಿದ. ಕೊನೆಗೆ “ಗಂಡಸಲ್ಲವೇ, ಮರೆತುಬಿಡು” ಎಂದು ಹೇಳಿ ಎದ್ದು ಬಂದೆವು. ಆಮೇಲೆ ಎಷ್ಟೋ ತಿಂಗಳು ಅವನು ರೈಲು ಹತ್ತಲಿಲ್ಲ, ರಾತ್ರಿ ನಿದ್ದೆ ಮಾಡಲಿಲ್ಲ.

ಕಚೇರಿಯಲ್ಲಿ ನಮಗೆ ಪ್ರಥಮ ಚಿಕಿತ್ಸೆಯ ತರಬೇತಿ ಆಗಿತ್ತು. ರಕ್ತ ಸೋರಿದರೆ ಬಟ್ಟೆ ಒತ್ತಿ ಹಿಡಿಯಬೇಕು, ಮುರಿದ ಮೂಳೆಯನ್ನು ಅಲುಗಿಸಬಾರದು ಎಂಬುದೆಲ್ಲ ಗೊತ್ತಿತ್ತು. ಮನಸ್ಸಿಗೆ ಪೆಟ್ಟು ಬಿದ್ದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಮಾತ್ರ ಗೊತ್ತಿರಲಿಲ್ಲ. ಆ ಕೊರಗಿನಿಂದ ಓದತೊಡಗಿದಾಗ, ಈ ವಿದ್ಯೆಗೂ ನೂರು ವರ್ಷ ಮೀರಿದ ಇತಿಹಾಸವಿದೆ ಎಂದು ತಿಳಿಯಿತು. ಅದನ್ನು ವಾಚಕರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಕಥೆ ಮೊದಲನೆಯ ಮಹಾಯುದ್ಧದ ಕಂದಕಗಳಿಂದ ಆರಂಭವಾಗುತ್ತದೆ. ಮೈಮೇಲೆ ಗಾಯವಿಲ್ಲದ ಸೈನಿಕರು ಮಾತು ಕಳೆದುಕೊಂಡು, ಕೈಕಾಲು ನಡುಗಿಸುತ್ತ ಆಸ್ಪತ್ರೆಗೆ ಬರುತ್ತಿದ್ದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯರು ಇದನ್ನು ‘ಶೆಲ್ ಶಾಕ್’ ಎಂಬ ಹೆಸರಿನಿಂದ ವೈದ್ಯಲೋಕದ ಮುಂದಿಟ್ಟರು. ಸೇನೆಯ ಅಧಿಕಾರಿಗಳಲ್ಲಿ ಅನೇಕರಿಗೆ ಇದು ಬರಿಯ ಹೇಡಿತನವಾಗಿ ಕಂಡಿತು. ರಣರಂಗ ಬಿಟ್ಟು ಓಡಿದರೆಂದೂ, ಹೇಡಿಗಳೆಂದೂ ಗುಂಡಿಗೆ ಬಲಿಯಾದವರಲ್ಲಿ ಇಂಥ ರೋಗಿಗಳೂ ಇದ್ದರು. ಆ ಯುದ್ಧದಲ್ಲಿ ಹೀಗೆ ಮರಣದಂಡನೆಗೊಳಗಾದ 306 ಮಂದಿಗೆ ಬ್ರಿಟಿಷ್ ಸರಕಾರ ಕ್ಷಮಾದಾನ ನೀಡಿದ್ದು 2006ರಲ್ಲಿ!

1917ರಲ್ಲಿ ಅಮೆರಿಕದ ಥಾಮಸ್ ಸಾಲ್ಮನ್ ಎಂಬ ವೈದ್ಯರು ಬ್ರಿಟಿಷರ ಮತ್ತು ಫ್ರೆಂಚರ ಅನುಭವವನ್ನು ಅಭ್ಯಸಿಸಿದರು. ಇಂಥವರನ್ನು ದೂರದ ಆಸ್ಪತ್ರೆಗೆ ಸಾಗಿಸಿದಷ್ಟೂ ಕಾಯಿಲೆ ಬೇರೂರುತ್ತದೆ. ರಣರಂಗದ ಸಮೀಪದಲ್ಲೇ, ತಡಮಾಡದೆ, ‘ನೀನು ಗುಣವಾಗುತ್ತೀಯೆ’ ಎಂಬ ಭರವಸೆಯೊಡನೆ ಆರೈಕೆ ಮಾಡಬೇಕು ಎಂಬುದು ಅಲ್ಲಿಂದ ಹೊರಟ ತತ್ತ್ವ. ಸೈನಿಕನನ್ನು ಬೇಗ ಮತ್ತೆ ಯುದ್ಧಕ್ಕೆ ಕಳಿಸುವ ಸ್ವಾರ್ಥವೂ ಇದರ ಹಿಂದೆ ಇತ್ತೆನ್ನಿ. ಆದರೂ ಬೇಗ ಮತ್ತು ಹತ್ತಿರ ಎಂಬ ಆ ಎರಡು ಮಾತು ಉಳಿದುಕೊಂಡವು.

ಈ ವಿಚಾರ ನಾಗರಿಕ ಜೀವನಕ್ಕೆ ಬಂದದ್ದು ಒಂದು ಬೆಂಕಿಯ ದುರಂತದಿಂದ. 1942ರ ನವೆಂಬರ್ 28ರಂದು ಬಾಸ್ಟನ್ ನಗರದ ಕೋಕೋನಟ್ ಗ್ರೋವ್ ಎಂಬ ವಿಹಾರಗೃಹಕ್ಕೆ ಬೆಂಕಿ ಬಿದ್ದು 492 ಜನ ಸತ್ತರು. ಬದುಕುಳಿದವರನ್ನೂ ಸತ್ತವರ ಬಂಧುಗಳನ್ನೂ ಕಂಡ ಎರಿಕ್ ಲಿಂಡೆಮನ್ ಎಂಬ ಮನೋವೈದ್ಯರು 1944ರಲ್ಲಿ ಶೋಕದ ಬಗ್ಗೆ ಪ್ರಸಿದ್ಧ ಪ್ರಬಂಧ ಬರೆದರು. ಸಕಾಲದಲ್ಲಿ ನೆರವು ದೊರೆತರೆ ಶೋಕವು ಕಾಯಿಲೆಯಾಗಿ ತಿರುಗುವುದನ್ನು ತಡೆಯಬಹುದು, ಆ ನೆರವು ಮನೋವೈದ್ಯರೊಬ್ಬರಿಂದಲೇ ಆಗಬೇಕಿಲ್ಲ, ಪಾದ್ರಿಗಳೂ ಸಮಾಜಸೇವಕರೂ ಕೈಹಚ್ಚಬಹುದು ಎಂಬುದು ಅವರ ಮುಖ್ಯ ಮಾತು.

ನಮ್ಮ ನಾಡಿನಲ್ಲೂ ಇಂಥದೇ ಒಂದು ಬೆಂಕಿ ಬಿತ್ತು. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆ ಹೊತ್ತಿ ಉರಿದಾಗ 92 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಸತ್ತವರ ಬಂಧುಗಳ ಶೋಕವನ್ನು ಅಭ್ಯಾಸ ಮಾಡಿದರು. ದುರಂತದಲ್ಲಿ ನೊಂದ ಮನಸ್ಸುಗಳ ಬಗ್ಗೆ ಭಾರತದಲ್ಲಿ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು.

ಅದಕ್ಕೂ ಮುಂಚೆಯೇ, 1970ರ ದಶಕದಲ್ಲಿ, ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಇದೇ ನಿಮ್ಹಾನ್ಸ್ ಒಂದು ಹೊಸ ಪ್ರಯೋಗಕ್ಕೆ ಕೈಹಾಕಿತ್ತು. ಇಷ್ಟು ದೊಡ್ಡ ದೇಶಕ್ಕೆ ಬೆರಳೆಣಿಕೆಯ ಮನೋವೈದ್ಯರು ಸಾಲುವುದಿಲ್ಲ. ಆದ್ದರಿಂದ ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಚಿಕಿತ್ಸೆಯ ಮೂಲಪಾಠ ಕಲಿಸಬೇಕು ಎಂಬುದೇ ಆ ಪ್ರಯೋಗ.

ಅದರ ನಿಜವಾದ ಪರೀಕ್ಷೆ ನಡೆದದ್ದು ಭೋಪಾಲದಲ್ಲಿ. 1984ರ ಡಿಸೆಂಬರ್ 2ರ ರಾತ್ರಿ ಕಳೆದು 3ರ ಬೆಳಗಾಗುವುದರೊಳಗೆ ವಿಷಾನಿಲ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಉಳಿದವರ ಕಣ್ಣು, ಶ್ವಾಸಕೋಶಗಳನ್ನು ವೈದ್ಯರು ಪರೀಕ್ಷಿಸಿದರು. ಆದರೆ ಮನಸ್ಸಿನ ಕಡೆ ವ್ಯವಸ್ಥಿತವಾಗಿ ಗಮನ ಹರಿದದ್ದು ಸುಮಾರು ಎರಡು ತಿಂಗಳ ಮೇಲೆ. 1985ರ ಏಪ್ರಿಲಿನಲ್ಲಿ ನಿಮ್ಹಾನ್ಸಿನ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಅಲ್ಲಿನ ಸುಮಾರು 50 ಮಂದಿ ವೈದ್ಯಾಧಿಕಾರಿಗಳಿಗೆ ಆರು ದಿನಗಳ ತರಬೇತಿ ಕೊಟ್ಟರು. ‘ಎದೆ ಬಡಿತ, ನಿದ್ದೆ ಇಲ್ಲ’ ಎಂದು ಬಂದವನನ್ನು ಸುಳ್ಳು ರೋಗಿಯೆಂದು ಗದರಿಸದೆ, ಅವನ ಮಾತು ಕೇಳಿ, ನೋವನ್ನು ಗುರುತಿಸಿ, ಅಗತ್ಯವಿದ್ದರೆ ತಜ್ಞರ ಬಳಿಗೆ ಕಳಿಸುವುದು ಅದರ ಸಾರ. ಮುಂದೆ 1999ರ ಒರಿಸ್ಸಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳ ಹೊತ್ತಿಗೆ ತರಬೇತಿ ಪಡೆದವರು ವೈದ್ಯರಷ್ಟೇ ಅಲ್ಲ. ಶಾಲಾ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಊರಿನ ತರುಣರೂ ಇದ್ದರು.

ಈ ಇತಿಹಾಸದಲ್ಲಿ ಒಂದು ತಪ್ಪು ಹೆಜ್ಜೆಯೂ ಇದೆ. ಅದನ್ನು ಮರೆಮಾಚಬಾರದು. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ಎಂಬವರು ‘ಡಿಬ್ರೀಫಿಂಗ್’ ಎಂಬ ವಿಧಾನ ತಂದರು. ದುರ್ಘಟನೆಯಾದ ಒಂದೆರಡು ದಿನಗಳಲ್ಲಿ ಎಲ್ಲರನ್ನೂ ಕೂರಿಸಿ, ಕಂಡದ್ದನ್ನೂ ಅನುಭವಿಸಿದ್ದನ್ನೂ ಪೂರ್ತಿ ಹೇಳಿಸುವುದು ಅದರ ಕ್ರಮ. ಅಗ್ನಿಶಾಮಕ ದಳದಂಥವರಿಗಾಗಿ ಹುಟ್ಟಿದ್ದು ಎಲ್ಲೆಡೆ ಹರಡಿತು. ಆದರೆ ಬ್ರಿಟನ್ನಿನಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ನಡೆಸಿ 1997ರಲ್ಲಿ ಪ್ರಕಟಿಸಿದ ಪರೀಕ್ಷೆ ಬೇರೆಯೇ ಹೇಳಿತು. 13 ತಿಂಗಳಾದ ಮೇಲೆ ನೋಡಿದರೆ, ಹೀಗೆ ಹೇಳಿಸಲ್ಪಟ್ಟವರಲ್ಲಿ ಶೇಕಡ 26 ಮಂದಿಗೂ, ಸುಮ್ಮನೆ ಬಿಟ್ಟವರಲ್ಲಿ ಶೇಕಡ 9 ಮಂದಿಗೂ ಆಘಾತದ ಕಾಯಿಲೆ ಇತ್ತು! ಮೊದಲ ಗುಂಪಿನವರ ಗಾಯಗಳೇ ಹೆಚ್ಚು ತೀವ್ರವಾಗಿದ್ದವೆಂಬುದು ನಿಜ. ಆದರೂ ಒತ್ತಾಯದಿಂದ ಹೇಳಿಸುವುದರಿಂದ ಲಾಭವಿಲ್ಲ ಎಂಬುದನ್ನು ಅನಂತರದ ಪರಿಶೀಲನೆಗಳೂ ಸ್ಥಿರಪಡಿಸಿದವು.

ಇದನ್ನು ಓದಿದಾಗ ಆ ಸಂಜೆ ಕಣ್ಣೆದುರು ಬಂದು ನಾವು ಪುಸ್ತಕ ಮುಚ್ಚಿಟ್ಟೆವು. ಹತ್ತು ಸಲ ಹೇಳಿಸಿದವರು ನಾವೇ ಅಲ್ಲವೇ?

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿ ಇಡೀ ವಿದ್ಯೆಯನ್ನು ಮೂರು ಮಾತಿಗೆ ಇಳಿಸಿದೆ: ನೋಡು, ಕೇಳು, ಜೋಡಿಸು. ಅಪಾಯ ಇನ್ನೂ ಇದೆಯೇ, ಯಾರಿಗೆ ತುರ್ತು ನೆರವು ಬೇಕು ಎಂದು ನೋಡಬೇಕು. ಅವರಾಗಿ ಹೇಳಿದರೆ ಕೇಳಬೇಕು. ಹೇಳದಿದ್ದರೆ ಸುಮ್ಮನೆ ಜೊತೆಗಿರಬೇಕು. ಆಮೇಲೆ ಅವರನ್ನು ಅವರ ಬಂಧುಗಳೊಡನೆ, ಬೇಕಾದ ಸೇವೆಯೊಡನೆ ಜೋಡಿಸಬೇಕು. ಹೆಚ್ಚಿನವರು ಇಷ್ಟರಿಂದಲೇ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ಕಳೆದರೂ ಕೆಟ್ಟ ಕನಸು, ಬೆಚ್ಚಿಬೀಳುವುದು ನಿಲ್ಲದಿದ್ದರೆ ವೈದ್ಯರನ್ನು ಕಾಣಲೇಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರಕಾರದ ‘ಟೆಲಿ ಮಾನಸ್’ ಸೇವೆಗೆ 14416ಕ್ಕೆ ಉಚಿತವಾಗಿ ಫೋನು ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಊರಿನಲ್ಲಾದರೆ ಇಂಥ ಹೊತ್ತಿನಲ್ಲಿ ಅಜ್ಜಿ, ಸೋದರಮಾವ, ಓಣಿಯ ಹಿರಿಯರು ಇರುತ್ತಾರೆ. ಪರಊರಿನಲ್ಲಿರುವ ನಮ್ಮಂಥವರಿಗೆ ನೆರೆಯ ಕನ್ನಡದ ಮನೆಯೇ ಬಂಧು. ನಮ್ಮ ಸಂಘಗಳು ರಕ್ತದಾನ ಶಿಬಿರ ನಡೆಸುವಂತೆ ವರ್ಷಕ್ಕೊಂದು ದಿನ ಈ ತರಬೇತಿಯನ್ನೂ ಏಕೆ ಏರ್ಪಡಿಸಬಾರದು? ಉಗುರಿನಿಂದ ಹೋಗುವುದಕ್ಕೆ ಕೊಡಲಿ ಬೇಕಾಗುವವರೆಗೆ ಕಾಯುವುದು ಜಾಣತನವಲ್ಲ.

ಆ ಸಂಜೆ ನಾವು ಮಾಡಬೇಕಾಗಿದ್ದದ್ದು ಬಹಳವೇನಲ್ಲ. ಬಂದವರನ್ನು ಬಾಗಿಲಲ್ಲೇ ತಡೆದು, ಹುಡುಗನಿಗೆ ಒಂದು ಲೋಟ ಬಿಸಿ ಚಹಾ ಕೊಟ್ಟು, ಹುಬ್ಬಳ್ಳಿಯಲ್ಲಿದ್ದ ಅವನ ಅಕ್ಕನಿಗೆ ಫೋನು ಹಚ್ಚಿಕೊಟ್ಟು, ರಾತ್ರಿ ಅವನ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದರೆ ಸಾಕಾಗಿತ್ತು.